ಬಾವಿಕಟ್ಟೆಯ ಆರು ಮೂಲೆಯ ಕಲ್ಲು

ನಮ್ಮ ಮನೆಯ ಬಾವಿಕಟ್ಟೆಯ ಪಕ್ಕ ಒಂದು ಕಲ್ಲು ಉಂಟು. ಒಂದೂವರೆ ಗೇಣು ಅಗಲ, ಒಂದು ಗೇಣು ದಪ್ಪ. ಮೇಲೆ ಸಪಾಟು, ಸುತ್ತ ಆರು ಮೂಲೆ. ಉಪ್ಪ ಬದುಕಿದ್ದಾಗ ಅದರ ಮೇಲೆ ಕಾಲಿಟ್ಟೇ ವುಳೂ ಮಾಡುತ್ತಿದ್ದರು. ಉಮ್ಮ ಮೀನಿನ ಕತ್ತಿ ಮಸೆಯುವುದು ಈಗಲೂ ಅದಕ್ಕೇ. ಮಕ್ಕಳು ಮಳೆಗಾಲದಲ್ಲಿ ಚಪ್ಪಲಿಯ ಕೆಸರು ಒರೆಸುವುದೂ ಅದಕ್ಕೇ. ಇದು ಎಲ್ಲಿಂದ ಬಂತು ಎಂದು ನಾವು ಯಾರೂ ಕೇಳಿದವರಲ್ಲ. ಮನೆ ಉಂಟು, ಬಾವಿ ಉಂಟು, ಕಲ್ಲೂ ಉಂಟು, ಅಷ್ಟೇ.

ಕಳೆದ ವರ್ಷ ರಜೆಯಲ್ಲಿ ಮದ್ರಸದ ದೊಡ್ಡ ತರಗತಿಯ ಮಕ್ಕಳನ್ನು ಕರೆದುಕೊಂಡು ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವು. ಮಲ್ಪೆ ಬೀಚಿನಲ್ಲಿ ನೈಚೋರಿನ ಬುತ್ತಿ ಬಿಚ್ಚಿ ಊಟ ಮುಗಿಸಿ ದೋಣಿ ಹತ್ತಿದ್ದು. ಮಲ್ಪೆಯಿಂದ ಅಲ್ಲಿಗೆ ಆರು ಕಿಲೋಮೀಟರ್ ಆಸುಪಾಸು. ದ್ವೀಪದ ಸುತ್ತ ನೀರಿನಡಿ ಬಂಡೆ ಇರುವುದರಿಂದ ದೊಡ್ಡ ದೋಣಿ ದಡಕ್ಕೆ ತಾಗುವುದಿಲ್ಲ. ಸಣ್ಣ ದೋಣಿಗೆ ಇಳಿಸಿ ಕರೆದುಕೊಂಡು ಹೋಗುತ್ತಾರೆ. ತೆಂಗಿನ ಮರಗಳು, ಮರಳಿನ ಬದಲು ಚಿಪ್ಪಿನ ಚೂರುಗಳೇ ತುಂಬಿದ ದಡ, ಆಮೇಲೆ ಆ ಕಂಬಗಳು. ಒಂದಕ್ಕೊಂದು ಅಂಟಿಕೊಂಡು ನಿಂತ ಕಲ್ಲಿನ ಕಂಬಗಳು. ಕೆಲವು ನೆಟ್ಟಗೆ, ಕೆಲವು ವಾಲಿಕೊಂಡು, ಕೆಲವು ಸಮುದ್ರದೊಳಗೆ ಮೆಟ್ಟಿಲಿನ ಹಾಗೆ ಇಳಿಯುತ್ತಾ ಹೋಗಿವೆ.

ಮಕ್ಕಳ ಮೊದಲ ಪ್ರಶ್ನೆ, "ಉಸ್ತಾದ್, ಇದನ್ನು ಕೆತ್ತಿದ್ದು ಯಾರು?"

ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಿದ ಮಕ್ಕಳು. ಇಷ್ಟು ಸರಿಯಾಗಿ ಮೂಲೆ ಕಟ್ಟಿದ ಕಲ್ಲು ಕಂಡರೆ ಶಿಲ್ಪಿಯನ್ನು ಹುಡುಕುವುದು ತಪ್ಪಲ್ಲ. ಯಾರೂ ಕೆತ್ತಿದ್ದಲ್ಲ ಮೋನೆ, ಇದು ತಾನಾಗಿ ಹೀಗೆ ಆದದ್ದು ಎಂದು ಹೇಳುತ್ತಿದ್ದೆವು. ಅಷ್ಟರಲ್ಲಿ ಐದನೇ ತರಗತಿಯ ಒಬ್ಬ ಹುಡುಗ, ನಮ್ಮ ನೆರೆಮನೆಯವನೇ, ಮುರಿದು ಬಿದ್ದ ಒಂದು ತುಂಡಿನ ಮೇಲೆ ಕಾಲಿಟ್ಟು ಜೋರಾಗಿ ಕೂಗಿದ: "ಉಸ್ತಾದ್, ಇದು ನಿಮ್ಮ ಬಾವಿಕಟ್ಟೆಯ ಕಲ್ಲು!"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಬಗ್ಗಿ ನೋಡಿದಾಗ ನಗು ನಿಂತಿತು. ಅದೇ ಅಗಲ, ಅದೇ ಆರು ಮೂಲೆ, ಅದೇ ಸಪಾಟು ಮೈ.

ಮನೆಗೆ ಬಂದು ಉಮ್ಮನ ಹತ್ತಿರ ಕೇಳಿದೆವು. ಉಮ್ಮನಿಗೆ ಎಲ್ಲ ನೆನಪುಂಟು. ಉಪ್ಪ ಮಲ್ಪೆಯ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊತ್ತು, ಆಮೇಲೆ ಸೈಕಲಿನಲ್ಲಿ ಊರೂರು ಸುತ್ತಿ ಮೀನು ಮಾರಿ ನಮ್ಮನ್ನು ಸಾಕಿದವರು. ದಕ್ಕೆಯ ಗೆಳೆಯರೊಬ್ಬರ ನಾಡದೋಣಿಯಲ್ಲಿ ಒಂದು ದಿನ ಪಚ್ಚಿಲೆ ಕೀಳಲು ದ್ವೀಪಕ್ಕೆ ಹೋಗಿದ್ದರಂತೆ. ಬರುವಾಗ ಗಾಳಿ ಎದ್ದಿತು. ದೋಣಿ ಹಗುರ ಆಗಿ ಓಲಾಡುತ್ತದೆ ಎಂದು ಬಿದ್ದಿದ್ದ ನಾಲ್ಕೈದು ಕಲ್ಲು ಎತ್ತಿ ತೂಕಕ್ಕೆ ಹಾಕಿಕೊಂಡರಂತೆ. ದಡ ಸೇರಿದ ಮೇಲೆ ಉಳಿದದ್ದನ್ನು ಅಲ್ಲೇ ಬಿಟ್ಟು, ಚಂದದ ಒಂದನ್ನು ಸೈಕಲಿನ ಹಿಂದೆ ಕಟ್ಟಿ ಮನೆಗೆ ತಂದರು. "ನನಗೆ ಬಟ್ಟೆ ಒಗೆಯಲಿಕ್ಕೆ ಆಗ್ತದೆ ಅಂತ ತಂದದ್ದು. ಸಣ್ಣ ಆಯ್ತು, ಬಾವಿಕಟ್ಟೆಗೆ ಹಾಕಿದೆವು" ಎಂದರು ಉಮ್ಮ.

ಇಷ್ಟು ಕೇಳಿದ ಮೇಲೆ ಆ ಕಲ್ಲಿನ ಬಗ್ಗೆ ತಿಳಿದುಕೊಳ್ಳದೆ ಇರಲು ಆಗಲಿಲ್ಲ. ನಾವು ಓದಿದ್ದು ಪಿಯುಸಿ ಮತ್ತು ದರ್ಸ್. ಭೂವಿಜ್ಞಾನ ನಮ್ಮ ವಿಷಯವಲ್ಲ. ಆದರೂ ಸಿಕ್ಕಿದ್ದನ್ನು ಓದಿದೆವು, ಗೊತ್ತಿದ್ದವರನ್ನು ಕೇಳಿದೆವು. ಓದಿದಷ್ಟು ಆಶ್ಚರ್ಯ ಜಾಸ್ತಿಯಾಯಿತು.

ನಮ್ಮ ಕರಾವಳಿಯ ಮನೆಗಳೆಲ್ಲ ಮುರಕಲ್ಲಿನವು. ಕಗ್ಗಲ್ಲು ಅಡಿಪಾಯಕ್ಕೆ, ಮೆಟ್ಟಿಲಿಗೆ, ಅರೆಯುವ ಕಲ್ಲಿಗೆ. ಈ ಎರಡು ನಮಗೆ ಗೊತ್ತು. ಕಗ್ಗಲ್ಲು ಬಹಳ ಹಳತು, ನೂರಾರು ಕೋಟಿ ವರ್ಷದ್ದು. ಹಳೆಯ ಕಲ್ಲು ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಕರಗಿ, ಕಬ್ಬಿಣದ ಅಂಶ ಉಳಿದು ಕೆಂಪಾದದ್ದೇ ಮುರಕಲ್ಲು. ಈಸ್ಟ್ ಇಂಡಿಯಾ ಕಂಪೆನಿಯ ಬುಕಾನನ್ ಎಂಬ ಅಧಿಕಾರಿ ಮಲಬಾರಿನ ಅಂಗಾಡಿಪುರದಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ಕಂಡು, ಲ್ಯಾಟಿನಿನಲ್ಲಿ ಇಟ್ಟಿಗೆ ಎಂಬ ಅರ್ಥದ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಅದು ಅಚ್ಚಾದದ್ದು 1807ರಲ್ಲಿ. ಇಡೀ ಲೋಕ ಇಂದಿಗೂ ಅದನ್ನೇ ಬಳಸುತ್ತದೆ.

ದ್ವೀಪದ ಕಲ್ಲು ಇವೆರಡಕ್ಕೂ ಸೇರಿದ್ದಲ್ಲ. ಅದು ಬೆಂಕಿಯ ಕಲ್ಲು. ಭೂಮಿಯ ಒಳಗಿಂದ ಕರಗಿದ ಬಂಡೆ, ಅಂದರೆ ಲಾವಾ, ಹೊರಗೆ ಬಂದು ಆರಿ ಗಟ್ಟಿಯಾದದ್ದು. ಮಲ್ಪೆಯ ದಡದಲ್ಲಿ ನಿಂತು ಹಿಂದೆ ನೋಡಿದರೆ ಇಂಥ ಕಲ್ಲು ಇಲ್ಲ. ಮುಂದೆ ಸಮುದ್ರದಲ್ಲಿ ಮಾತ್ರ ಉಂಟು, ಅದೂ ಸಣ್ಣ ಸಣ್ಣ ತುಂಡುಗಳಾಗಿ. ದೊಡ್ಡದಾದ ಕೋಕೋನಟ್ ದ್ವೀಪವೇ ಸುಮಾರು ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರ್ ಅಗಲ. ಉತ್ತರ ದ್ವೀಪ, ದಕ್ಷಿಣ ದ್ವೀಪ, ಕೋಟೆ ಇರುವ ದರಿಯಾ ಬಹಾದ್ದೂರ್ ಗಡ, ಮತ್ತೆ ಅಲ್ಲಲ್ಲಿ ತಲೆ ಎತ್ತಿದ ಬಂಡೆಗಳು. ಇಷ್ಟೇ ಆಸ್ತಿ.

ಹಲವು ಕಡೆ ಇದನ್ನು ಬಸಾಲ್ಟ್ ಎಂದು ಬರೆದಿರುವುದನ್ನು ನೋಡುತ್ತೇವೆ. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪು ಕಲ್ಲು, ಆ ಕಲ್ಲು ಪುಡಿಯಾಗಿ ಆದ ಎರೆ ಮಣ್ಣು, ಅದು ಬಸಾಲ್ಟಿನದು. ಮೊದಮೊದಲು ವಿಜ್ಞಾನಿಗಳೂ ದ್ವೀಪದ ಕಲ್ಲನ್ನು ಆ ಗುಂಪಿಗೇ ಸೇರಿಸಿದ್ದರು. ಆದರೆ ಪರೀಕ್ಷೆ ಮಾಡಿದಾಗ ಇದರಲ್ಲಿ ಸಿಲಿಕಾ, ಅಂದರೆ ಬೆಣಚುಕಲ್ಲಿನ ಸಾರ, ಬಹಳ ಹೆಚ್ಚು ಎಂದು ಕಂಡುಬಂತು. ಇಂಥ ಕಲ್ಲಿಗೆ ರಯೋಲೈಟ್, ಡೇಸೈಟ್ ಎಂದೆಲ್ಲ ಹೆಸರು. ಬಸಾಲ್ಟ್ ಲಾವಾ ತೆಳ್ಳಗೆ, ಗಂಜಿಯ ಹಾಗೆ ಹರಿಯುತ್ತದೆ. ಇದು ಬೆಲ್ಲದ ಪಾಕದ ಹಾಗೆ ಅಂಟು, ದೂರ ಹರಿಯುವುದಿಲ್ಲ. ಬಸಾಲ್ಟಿನಲ್ಲಿ ಕಂಬಗಳು ಆಗುವುದು ಲೋಕದಲ್ಲಿ ಎಷ್ಟೋ ಕಡೆ ಉಂಟು. ಉತ್ತರ ಐರ್ಲೆಂಡಿನ ಸಮುದ್ರ ತೀರದಲ್ಲಿ ನಲ್ವತ್ತು ಸಾವಿರದಷ್ಟು ಕಂಬಗಳಿವೆ. ಮುಂಬೈಯ ಅಂಧೇರಿಯಲ್ಲಿ ಗಿಲ್ಬರ್ಟ್ ಹಿಲ್ ಉಂಟು, ಅಲ್ಲಿ ಕೆಲಸಕ್ಕಿದ್ದ ನಮ್ಮವರು ನೋಡಿರಬಹುದು. ಈ ಅಂಟು ಲಾವಾದಲ್ಲಿ ಇಷ್ಟು ಅಚ್ಚುಕಟ್ಟಾದ ಕಂಬಗಳು ಆಗುವುದು ಅದಕ್ಕಿಂತ ಅಪರೂಪ.

ಕಂಬ ಆಗುವುದು ಹೇಗೆ? ಮಕ್ಕಳಿಗೆ ನಾವು ಹೇಳಿದ್ದು ಗದ್ದೆಯ ಲೆಕ್ಕದಲ್ಲಿ. ಬೇಸಗೆಯಲ್ಲಿ ನೀರು ಬತ್ತಿದ ಕೆರೆಯ ಕೆಸರು ನೋಡಿದ್ದೀರಲ್ಲ, ಒಣಗಿ ಬಿರುಕು ಬಿಡುತ್ತದೆ. ಒಣಗಿದಾಗ ಕೆಸರು ಕುಗ್ಗುತ್ತದೆ, ಕುಗ್ಗಲು ಜಾಗ ಸಾಲದೆ ಒಡೆಯುತ್ತದೆ. ಲಾವಾವೂ ಹಾಗೆ, ಆರುವಾಗ ಕುಗ್ಗುತ್ತದೆ. ಎಲ್ಲ ಕಡೆಗೂ ಒಂದೇ ಸಮ ಎಳೆತ ಇದ್ದರೆ ಬಿರುಕು ಒಂದೊಂದು ಜಾಗದಲ್ಲಿ ಮೂರು ಕವಲಾಗಿ ಒಡೆಯುತ್ತದೆ. ಅಂಥ ಕವಲುಗಳು ಒಂದಕ್ಕೊಂದು ಸೇರಿದರೆ ಆಗುವುದು ಆರು ಮೂಲೆ, ಜೇನಿನ ಗೂಡಿನ ಹಾಗೆ. ಎಳೆತ ಎಲ್ಲ ಕಡೆ ಸಮ ಇರುವುದಿಲ್ಲವಾದ್ದರಿಂದ ಐದು ಮೂಲೆಯದ್ದೂ ಏಳು ಮೂಲೆಯದ್ದೂ ನಡುನಡುವೆ ಸಿಗುತ್ತದೆ. ಮಕ್ಕಳು ಎಣಿಸಿ ನೋಡಿದರು, ಮೂರೂ ಸಿಕ್ಕಿತು.

ಲಾವಾ ಆರುವುದು ಮೇಲಿಂದ ಕೆಳಗೆ ಮತ್ತು ತಳದಿಂದ ಮೇಲೆ. ಒಳಗಿನ ಬಿಸಿ ಆರುತ್ತಾ ಹೋದ ಹಾಗೆ ಬಿರುಕೂ ಅದರ ಹಿಂದೆಯೇ ಇಳಿಯುತ್ತದೆ. ಹೀಗೆ ಬಿರುಕು ಉದ್ದಕ್ಕೆ ಬೆಳೆದಾಗ ಅದರ ನಡುವೆ ಉಳಿದದ್ದು ಕಂಬ. ಅವಸರದಲ್ಲಿ ಆರಿದರೆ ಕಂಬ ಸಪೂರ, ನಿಧಾನಕ್ಕೆ ಆರಿದರೆ ದಪ್ಪ. ಆಮೇಲೆ ಕಂಬಕ್ಕೆ ಅಡ್ಡಲಾಗಿಯೂ ಬಿರುಕು ಬೀಳುತ್ತದೆ. ಅಲ್ಲಿ ಅದು ಬಿಲ್ಲೆ ಬಿಲ್ಲೆಯಾಗಿ ಮುರಿಯುತ್ತದೆ. ಉಪ್ಪ ಸೈಕಲಿಗೆ ಕಟ್ಟಿ ತಂದದ್ದು ಅಂಥ ಒಂದು ಬಿಲ್ಲೆ.

ಇನ್ನು ವಯಸ್ಸಿನ ಮಾತು. ಕಲ್ಲಿಗೆ ಜನನ ಪ್ರಮಾಣಪತ್ರ ಇಲ್ಲ. ಆದರೆ ಅದರೊಳಗೆ ಒಂದು ಗಡಿಯಾರ ಉಂಟು. ಕಲ್ಲಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ಒಂದು ಜಾತಿ ಬಹಳ ನಿಧಾನವಾಗಿ ಆರ್ಗಾನ್ ಎಂಬ ಅನಿಲವಾಗಿ ಬದಲಾಗುತ್ತಾ ಇರುತ್ತದೆ. ಎಷ್ಟು ನಿಧಾನ ಎಂದರೆ ಇದ್ದದ್ದರಲ್ಲಿ ಅರ್ಧ ಕರಗಲಿಕ್ಕೇ 125 ಕೋಟಿ ವರ್ಷ ಬೇಕು. ಲಾವಾ ಕುದಿಯುತ್ತಿರುವಾಗ ಹಳೆಯ ಆರ್ಗಾನ್ ಹೊರಗೆ ಹಾರಿಹೋಗುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. ಎಷ್ಟು ಸಿಕ್ಕಿಕೊಂಡಿದೆ ಎಂದು ಅಳೆದರೆ ಕಲ್ಲು ಆರಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಸಿಗುತ್ತದೆ. 1981ರಲ್ಲಿ ಪ್ರಕಟವಾದ ಅಳತೆಯಲ್ಲಿ ದ್ವೀಪದ ಕಲ್ಲಿಗೆ ಸುಮಾರು 9.3 ಕೋಟಿ ವರ್ಷ ಬಂತು. ಅದೇ ತತ್ವದ ಇನ್ನೂ ಸೂಕ್ಷ್ಮ ವಿಧಾನದಲ್ಲಿ ಅಳೆದು 2001ರಲ್ಲಿ ಪ್ರಕಟಿಸಿದ ಲೆಕ್ಕ 8.56 ಕೋಟಿ ವರ್ಷ. ಉತ್ತರ ಕರ್ನಾಟಕದ ಬಸಾಲ್ಟಿಗೆ ಆರೂವರೆ ಕೋಟಿಯ ಆಸುಪಾಸು. ಹಾಗಾಗಿ ಇವೆರಡೂ ಒಂದೇ ಮನೆಯವಲ್ಲ ಎಂಬುದು ಖಾತ್ರಿಯಾಯಿತು.

ಈ ಸಂಖ್ಯೆ ಹೇಳಿದಾಗ ಒಬ್ಬ ಹುಡುಗ ಮೆಲ್ಲಗೆ, "ಇದೆಲ್ಲ ನಂಬಬಹುದಾ ಉಸ್ತಾದ್?" ಎಂದು ಕೇಳಿದ. ಅವನ ಸಂಕೋಚ ನಮಗೆ ಅರ್ಥವಾಯಿತು. ನಾವು ಕಲಿತ ಕಿತಾಬಿನಲ್ಲಿ ಕಲ್ಲಿಗೆ ಇಷ್ಟೇ ವಯಸ್ಸು ಎಂದು ಲೆಕ್ಕ ಹಾಕಿಟ್ಟದ್ದನ್ನು ನಾವು ಕಂಡಿಲ್ಲ. ಅಳೆಯುವವರು ಅಳೆದು ಹೇಳಿದರೆ ಹೆದರಲಿಕ್ಕೆ ಏನುಂಟು? ಹಿಂದೆ ನಮ್ಮ ಅಲ್ ಬಿರೂನಿ ಇದೇ ಹಿಂದುಸ್ಥಾನಕ್ಕೆ ಬಂದು, ಉತ್ತರದ ಬಯಲಿನ ಮಣ್ಣು ಅಗೆದಲ್ಲಿ ಸಿಕ್ಕುವ ಉರುಟು ಕಲ್ಲುಗಳನ್ನು ನೋಡಿ, ಈ ಬಯಲು ಒಂದು ಕಾಲದಲ್ಲಿ ಸಮುದ್ರವಾಗಿದ್ದು ಹೊಳೆಗಳು ತಂದ ಮಣ್ಣಿನಿಂದ ತುಂಬಿರಬೇಕು ಎಂದು ಬರೆದವರು. ಸಾವಿರ ವರ್ಷದ ಹಿಂದೆ. ಅವರಿಗೆ ಇಲ್ಲದ ಸಂಕೋಚ ನಮಗೆ ಯಾಕೆ ಎಂದೆವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಎಂಟೂವರೆ ಒಂಬತ್ತು ಕೋಟಿ ವರ್ಷದ ಹಿಂದೆ ಇಲ್ಲಿ ಲಾವಾ ಯಾಕೆ ಎದ್ದಿತು?

ಆಗ ಭಾರತ ಇಲ್ಲಿ ಇರಲಿಲ್ಲ. ಸಮಭಾಜಕ ವೃತ್ತದ ತೆಂಕಣಕ್ಕೆ, ದೂರದ ದಕ್ಷಿಣ ಸಮುದ್ರದಲ್ಲಿತ್ತು. ಅದರ ಪಡುವಣ ಬದಿಗೆ ಒಂದು ದೊಡ್ಡ ನೆಲ ಅಂಟಿಕೊಂಡಿತ್ತು. ಅದೇ ಇವತ್ತಿನ ಮಡಗಾಸ್ಕರ್, ಆಫ್ರಿಕಾದ ಪಕ್ಕದ ದ್ವೀಪ. ಅಂದರೆ ಇವತ್ತು ಮಲ್ಪೆಯಲ್ಲಿ ನಾವು ಸೂರ್ಯ ಮುಳುಗುವುದನ್ನು ನೋಡುವ ದಿಕ್ಕಿನಲ್ಲಿ ಸಮುದ್ರ ಇರಲಿಲ್ಲ, ಗುಡ್ಡಬೆಟ್ಟದ ನೆಲ ಇತ್ತು. ಎರಡೂ ಬೇರೆಯಾಗಲು ಶುರುವಾದಾಗ ನೆಲ ಹರಿಯಿತು. ಹರಿದ ಬಾಯಿಯಿಂದ ಲಾವಾ ಉಕ್ಕಿತು. ಮಡಗಾಸ್ಕರಿನಲ್ಲಿ ಅದು ಬಹಳ ದೊಡ್ಡ ಪ್ರಮಾಣದಲ್ಲಿ ಆಯಿತು, ಅದರ ಮೂಡಣ ಕರಾವಳಿಯ ಉದ್ದಕ್ಕೂ ಅದೇ ಪ್ರಾಯದ ಜ್ವಾಲಾಮುಖಿ ಕಲ್ಲುಗಳಿವೆ. ಭಾರತದ ಬದಿಯಲ್ಲಿ ಉಳಿದ ಸಾಕ್ಷಿ ಬಹಳ ಕಮ್ಮಿ. ಆ ಕಮ್ಮಿಯಲ್ಲಿ ಎಲ್ಲರೂ ಬೆರಳು ಮಾಡಿ ತೋರಿಸುವುದು ಮಲ್ಪೆಯ ಈ ದ್ವೀಪಗಳನ್ನು.

ಇದನ್ನು ಬರೀ ವಯಸ್ಸಿನ ಹೋಲಿಕೆಯಿಂದ ಹೇಳಿದ್ದಲ್ಲ. ಲಾವಾದಲ್ಲಿ ಕಬ್ಬಿಣದ ಸಣ್ಣ ಸಣ್ಣ ಕಣಗಳಿರುತ್ತವೆ. ಆರುವ ಹೊತ್ತಿಗೆ ಅವು ಕಿಬ್ಲಾ ನೋಡುವ ದಿಕ್ಸೂಚಿಯ ಮುಳ್ಳಿನ ಹಾಗೆ ಭೂಮಿಯ ಕಾಂತದ ದಿಕ್ಕಿಗೆ ತಿರುಗಿ, ಹಾಗೆಯೇ ಗಟ್ಟಿಯಾಗಿಬಿಡುತ್ತವೆ. ಆಮೇಲೆ ನೆಲ ಎಲ್ಲಿಗೆ ಸರಿದರೂ ಆ ಮುಳ್ಳು ಬದಲಾಗುವುದಿಲ್ಲ. ಅದು ಎಷ್ಟು ಬಾಗಿದೆ ಎಂದು ನೋಡಿದರೆ ಕಲ್ಲು ಹುಟ್ಟಿದಾಗ ಧ್ರುವದಿಂದ ಎಷ್ಟು ದೂರ ಇತ್ತು ಎಂದು ಹೇಳಬಹುದು. ದ್ವೀಪದ ಕಲ್ಲಿನ ಮುಳ್ಳು ಮತ್ತು ಮಡಗಾಸ್ಕರಿನ ಕಲ್ಲಿನ ಮುಳ್ಳು, ಎರಡು ನೆಲವನ್ನೂ ನಕ್ಷೆಯಲ್ಲಿ ಹಳೆಯ ಜಾಗದಲ್ಲಿ ಇಟ್ಟು ನೋಡಿದಾಗ ಒಂದಕ್ಕೊಂದು ಹೊಂದುತ್ತವೆ. ಇವತ್ತು ಎರಡರ ನಡುವೆ ನಾಲ್ಕು ಸಾವಿರ ಕಿಲೋಮೀಟರಿನಷ್ಟು ನೀರುಂಟು. ಭಾರತ ಅಲ್ಲಿಂದ ಬಡಗಣಕ್ಕೆ ಸರಿದು ಬಂದು ಏಷ್ಯಾಕ್ಕೆ ಗುದ್ದಿತು, ಹಿಮಾಲಯ ಎದ್ದಿತು. ಆ ಪ್ರಯಾಣದ ಹೊರಡುವ ಘಳಿಗೆಯ ಗುರುತು ನಮ್ಮ ಮಲ್ಪೆಯಲ್ಲಿ.

ಅದಕ್ಕೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದ್ದು. ಕರ್ನಾಟಕದಲ್ಲಿ ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಮರಡಿಹಳ್ಳಿ, ಕೋಲಾರದ ಚಿನ್ನದ ಗಣಿ ಪ್ರದೇಶದ ಕಲ್ಲುಗಳಿಗೂ ಇದೇ ಮರ್ಯಾದೆ ಉಂಟು.

ಇಷ್ಟು ದೊಡ್ಡ ಚರಿತ್ರೆ ಇರುವ ಕಲ್ಲಿಗೆ ಜನ ಇಟ್ಟುಕೊಂಡ ಕತೆ ಮಾತ್ರ ಒಂದೇ: ವಾಸ್ಕೋ ಡ ಗಾಮ. ಅವನು ಭಾರತಕ್ಕೆ ಬಂದಾಗ ಮೊದಲು ಇಳಿದದ್ದು ಇಲ್ಲಿ, ಆಮೇಲೆ ಕೋಝಿಕೋಡಿಗೆ ಹೋದ ಎಂದು ದೋಣಿಯಲ್ಲಿ ಒಬ್ಬರು ಹೇಳುತ್ತಿದ್ದರು. ಅದು ತಿರುಗಾ ಮುರುಗಾ. ಗಾಮ ಕೋಝಿಕೋಡಿನ ಹತ್ತಿರದ ಕಾಪ್ಪಾಡಿಗೆ ಬಂದದ್ದು 1498ರ ಮೇ ತಿಂಗಳಲ್ಲಿ. ಸಾಮೂದಿರಿಯ ಜೊತೆ ಮಾತುಕತೆ ಕೆಟ್ಟು ಆಗಸ್ಟ್ ಕೊನೆಗೆ ಅಲ್ಲಿಂದ ಹೊರಟ. ವಾಪಸು ಹೋಗುವ ದಾರಿಯಲ್ಲಿ, ಸೆಪ್ಟೆಂಬರ್ 15ರಂದು, ದಡದಿಂದ ಸ್ವಲ್ಪ ದೂರದ ಸಣ್ಣ ದ್ವೀಪವೊಂದರಲ್ಲಿ ತಮ್ಮ ರಾಜ ಕೊಟ್ಟು ಕಳಿಸಿದ್ದ ಒಂದು ಕಲ್ಲಿನ ಕಂಬ ನೆಟ್ಟರು, ಸಾಂತಾ ಮರಿಯಾ ಎಂದು ಹೆಸರಿಟ್ಟರು. ಆ ಹಡಗಿನಲ್ಲಿದ್ದ ಒಬ್ಬನ ದಿನಚರಿಯಲ್ಲಿ ಇದು ಬರುತ್ತದೆ. ಆ ದ್ವೀಪ ಇದೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಆಮೇಲೆ ಅವರು ಕಾರವಾರದ ಎದುರಿನ ಅಂಜದೀವಕ್ಕೆ ಹೋದರು.

ದಿನಚರಿ ಬರೆದವನು ಇನ್ನೊಂದು ಮಾತು ಸೇರಿಸಿದ್ದಾನೆ. ಮೀನಿನ ದೋಣಿಯವರು ಹತ್ತಿರ ಬಂದರಂತೆ, ಅವರಿಗೆ ಅಂಗಿ ಕೊಟ್ಟು ಕಂಬ ನೆಡಬಹುದೇ ಎಂದು ಕೇಳಿದರಂತೆ, ನಿಮ್ಮ ಹಾಗೆ ನಾವೂ ಕ್ರೈಸ್ತರೇ ಎಂದು ಅವರು ಸಂತೋಷಪಟ್ಟರಂತೆ! ಕೋಝಿಕೋಡಿನಲ್ಲಿ ದೇವಸ್ಥಾನವನ್ನು ಚರ್ಚ್ ಎಂದು ತಿಳಿದು ಒಳಗೆ ಹೋಗಿ ಪ್ರಾರ್ಥಿಸಿದವರು ಇವರು. ನಮ್ಮ ಮೊಗವೀರರು ಏನು ಹೇಳಿದರೋ, ಅವರಿಗೆ ಏನು ಕೇಳಿಸಿತೋ. ಆ ಕಂಬ ಈಗ ದ್ವೀಪದಲ್ಲಿ ಇಲ್ಲ. ಹೆಸರು ಮಾತ್ರ ಉಳಿಯಿತು. ಅದಕ್ಕೂ ಮೊದಲಿನ ತೋನ್ಸೆಪಾರ್ ಎಂಬ ಹೆಸರು, ದಡದ ತೋನ್ಸೆ ಊರಿನದು, ಈಗ ಹೇಳುವವರೇ ಕಮ್ಮಿ. ಹೂಡೆ, ಕೆಮ್ಮಣ್ಣು ಕಡೆಯ ನಮ್ಮವರಿಗಾದರೂ ಅದು ನೆನಪಿರಬೇಕಿತ್ತು.

ಗಾಮನಿಗೆ ಆಫ್ರಿಕಾದಿಂದ ದಾರಿ ತೋರಿಸಿದ್ದು ಅರಬ್ ನಾವಿಕ ಇಬ್ನ್ ಮಾಜಿದ್ ಎಂಬ ಮಾತು ನಮ್ಮಲ್ಲಿ ಭಾಷಣಗಳಲ್ಲಿ ಆಗಾಗ ಕೇಳುತ್ತದೆ, ಕೆಲವರು ಹೆಮ್ಮೆಯಿಂದ, ಕೆಲವರು ಬೇಸರದಿಂದ. ಇತಿಹಾಸಕಾರರು ಈಗ ಅದನ್ನು ಒಪ್ಪುವುದಿಲ್ಲ. ಪೋರ್ಚುಗೀಸರ ಬರಹಗಳಲ್ಲಿ ಬರುವುದು ಒಬ್ಬ ಗುಜರಾತಿ. ಆದರೆ ಆ ಕಂಬ ನೆಟ್ಟ ಮೇಲೆ ಆದದ್ದಕ್ಕೆ ಸಾಕ್ಷಿ ಬೇಕಾದಷ್ಟು ಉಂಟು. ಅವರ ಪಾಸ್ ಇಲ್ಲದ ಹಡಗು ಸಮುದ್ರದಲ್ಲಿ ಸಿಕ್ಕಿದರೆ ಹಿಡಿಯುವುದು, ಸರಕು ದೋಚುವುದು ನಡೆಯಿತು. ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ಬರೆದ ತುಹ್ಫತುಲ್ ಮುಜಾಹಿದೀನ್ ಅದರದೇ ಕತೆ. ಬಸ್ರೂರು, ಬಾರ್ಕೂರು, ಮಂಗಳೂರಿನಿಂದ ಅಕ್ಕಿ ಸಾಗಿಸಿ ಬದುಕುತ್ತಿದ್ದ ವ್ಯಾಪಾರಿಗಳಿಗೂ ಆ ಬಿಸಿ ತಟ್ಟಿತು. ಬ್ಯಾರ ಮಾಡುವವರು ಬ್ಯಾರಿಗಳು ಎಂದು ನಮ್ಮ ಹೆಸರಿಗೇ ಅರ್ಥ ಹೇಳುತ್ತಾರಲ್ಲ, ಆ ವ್ಯಾಪಾರದ ಸಮುದ್ರ ನಮ್ಮ ಕೈತಪ್ಪಿದ ಕಾಲ ಅದು.

ಪಕ್ಕದ ದರಿಯಾ ಬಹಾದ್ದೂರ್ ಗಡದಲ್ಲಿ ಬಿದನೂರಿನ ಬಸವಪ್ಪ ನಾಯಕ ಕಟ್ಟಿಸಿದ ಕೋಟೆಯ ಉಳಿಕೆ ಉಂಟು. ದರಿಯಾ ಎಂದರೆ ಪಾರಸಿಯಲ್ಲಿ ಸಮುದ್ರ. ನಾವು ಅಲ್ಲಿಗೆ ಹೋಗಲಿಲ್ಲ, ದೂರದಿಂದ ಮಕ್ಕಳಿಗೆ ತೋರಿಸಿದ್ದು ಮಾತ್ರ.

ದ್ವೀಪದಲ್ಲಿ ನಮಗೆ ಬೇಸರವಾದ ಸಂಗತಿಯನ್ನೂ ಹೇಳಬೇಕು. ಕಂಬಗಳ ಮೇಲೆ ಹೆಸರುಗಳು. ಒಂದು ಹೃದಯ, ಒಂದು ಬಾಣ, ಎರಡು ಅಕ್ಷರ, ಇಸವಿ. ನಮ್ಮ ಸಮುದಾಯದ ಹೆಸರುಗಳು ಇರಲಿಲ್ಲ ಎಂದು ಹೇಳಿಕೊಳ್ಳಲು ಆಗುವುದಿಲ್ಲ, ಇದ್ದವು. ಬಂಡೆಯ ಸಂದುಗಳಲ್ಲಿ ನೀರಿನ ಬಾಟಲಿ, ಚಿಪ್ಸ್ ತೊಟ್ಟೆ, ಒಡೆದ ಗಾಜು. ಕೆಲವು ಸಮುದ್ರವೇ ತಂದು ಹಾಕಿದ್ದು, ಕೆಲವು ನಾವು ಬಿಟ್ಟದ್ದು. ಕಾವಲಿನವರು ಸೀಟಿ ಊದುತ್ತಲೇ ಇದ್ದರು. ಅವರ ಸೀಟಿ ಮುಖ್ಯವಾಗಿ ಜೀವಕ್ಕೆ. ಪಾಚಿ ಹಿಡಿದ ಕಂಬದ ತುದಿಯಲ್ಲಿ ಸೆಲ್ಫಿಗೆ ನಿಂತು ಜಾರಿ, ಅಲೆಗೆ ಸಿಕ್ಕಿ ಪ್ರಾಣ ಕಳಕೊಂಡ ಯುವಕರು ಇದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ನೆನಪಿಡಿ. ಕಲ್ಲು ಒಣಗಿದ ಹಾಗೆ ಕಂಡರೂ ಅಂಚು ಜಾರುತ್ತದೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಹೋಗುವುದಾದರೆ ಮಳೆ ಕಳೆದ ಮೇಲೆ, ಸಮುದ್ರ ಶಾಂತ ಇರುವಾಗ.

ಕಲ್ಲಿಗೆ ಕಾವಲು ಯಾರು? ನಮಗೆ ಗೊತ್ತಾದ ಮಟ್ಟಿಗೆ, ಹಳೆಯ ಕೋಟೆ, ಗುಮ್ಮಟ, ಶಾಸನಗಳಿಗೆ 1958ರ ಪುರಾತತ್ವ ಕಾಯ್ದೆ ಉಂಟು, ಹಾಳು ಮಾಡಿದರೆ ಶಿಕ್ಷೆ ಉಂಟು. ಭೂವೈಜ್ಞಾನಿಕ ಸ್ಮಾರಕ ಎಂಬುದಕ್ಕೆ ಅಂಥ ತನ್ನದೇ ಕಾಯ್ದೆಯ ಬಲ ಇಲ್ಲದೆ ಬಹಳ ಕಾಲ ಕಳೆಯಿತು. 2022ರಲ್ಲಿ ಕೇಂದ್ರ ಗಣಿ ಸಚಿವಾಲಯ ಇಂಥ ಜಾಗಗಳಿಗಾಗಿಯೇ ಒಂದು ಕರಡು ಮಸೂದೆ ಮಾಡಿ ಜನರ ಅಭಿಪ್ರಾಯ ಕೇಳಿತ್ತು. ಮನುಷ್ಯ ಕಟ್ಟಿದ ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. ಈ ಕಂಬ ಒಂದು ಮುರಿದರೆ ಅಂಟಿಸಲಿಕ್ಕೆ ಸಿಮೆಂಟು ಸಾಲದು.

ಹೀಗೆಲ್ಲ ಮಕ್ಕಳಿಗೆ ಹೇಳಿ, ದ್ವೀಪದಿಂದ ಒಂದು ಚಿಪ್ಪನ್ನೂ ತರಬಾರದು ಎಂದು ಕಟ್ಟುನಿಟ್ಟು ಮಾಡಿ, ದೋಣಿ ಹತ್ತುವಾಗ ಎಲ್ಲರ ಜೇಬು ನೋಡಿದೆವು. ಇಬ್ಬರ ಜೇಬಿನಲ್ಲಿ ಕಲ್ಲಿನ ಚೂರು ಸಿಕ್ಕಿತು. ಅಲ್ಲೇ ಹಾಕಿಸಿದೆವು. ಅದರಲ್ಲಿ ಒಬ್ಬ ಅದೇ ನೆರೆಮನೆಯ ಹುಡುಗ. ಏನೂ ಮಾತಾಡದೆ ಹಾಕಿದ. ಮರುದಿನ ಬೆಳಿಗ್ಗೆ ಮದ್ರಸಕ್ಕೆ ಹೋಗುವ ದಾರಿಯಲ್ಲಿ ನಮ್ಮ ಬಾವಿಕಟ್ಟೆಯ ಹತ್ತಿರ ನಿಂತು ಕೇಳಿದ: "ಹಾಗಾದರೆ ಇದನ್ನು ಯಾವಾಗ ಕೊಂಡುಹೋಗಿ ಇಡುವುದು ಉಸ್ತಾದ್?"

ಉತ್ತರ ಕೊಡಲು ಆಗಲಿಲ್ಲ. ಅಂದಿನಿಂದ ಅವನನ್ನು ಕಂಡರೆ ನಮಗೇ ಒಂದು ಮುಜುಗರ.

ಮಲ್ಪೆಗೆ ಹೋದಾಗ ದೋಣಿಯವರೊಬ್ಬರ ಹತ್ತಿರ ವಿಚಾರಿಸಿದೆವು. ಕಲ್ಲು ತೆಗೆದುಕೊಂಡು ಹೋಗುವವರನ್ನು ನೋಡಿದ್ದೇನೆ ಕಾಕ, ವಾಪಸು ತರುವವರನ್ನು ನೋಡಿದ್ದಿಲ್ಲ ಎಂದು ನಕ್ಕರು. ತಂದರೆ ಹಾಕಿಕೊಂಡು ಹೋಗುತ್ತೇನೆ, ಟಿಕೆಟು ಬೇಡ ಎಂದೂ ಹೇಳಿದರು. ಕಲ್ಲನ್ನು ಎತ್ತಿ ನೋಡಿದೆವು, ಇಬ್ಬರು ಹಿಡಿದರೆ ಆಟೋಕ್ಕೆ ಏರಿಸಬಹುದು.

ಉಮ್ಮ ಒಪ್ಪಿಲ್ಲ. ಉಪ್ಪನ ಕಾಲು ತಾಗಿ ತಾಗಿ ಅದರ ಒಂದು ಬದಿ ನುಣುಪಾಗಿದೆ, ಆ ಬದಿಗೆ ಕತ್ತಿ ಮಸೆಯಲು ಉಮ್ಮ ಯಾರನ್ನೂ ಬಿಡುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ಆವತ್ತೇ. "ನಾನು ಇರುವ ತನಕ ಅದು ಅಲ್ಲೇ ಇರಲಿ, ಆಮೇಲೆ ನೀವು ಬೇಕಾದಲ್ಲಿ ಇಡಿ" ಎಂದಿದ್ದಾರೆ. ಹುಡುಗನಿಗೂ ಹಾಗೆಯೇ ಹೇಳಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, ಹೋಗುವಾಗ ತನ್ನನ್ನೂ ಕರೆಯಬೇಕು ಎಂದ.